ತೊಳೆದ ಹತ್ತಿ

ಅಮ್ಮನ ಕೈ ದಾಟದೆ ನಮ್ಮ ಮನೆಯಿಂದ ಒಂದು ಸೀರೆಯೂ ಹೊರಗೆ ಹೋದದ್ದಿಲ್ಲ. ಅಪ್ಪ ನೇಯ್ದು ಮಗ್ಗದಿಂದ ಇಳಿಸಿದ ಸೀರೆಯನ್ನು ಅವಳು ಬಾಗಿಲ ಬಳಿ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಸರಿಸುತ್ತಿದ್ದಳು. ಎದ್ದ ಗಂಟನ್ನು ಉಗುರಿನಲ್ಲಿ ಕೂರಿಸುವಳು, ಬಿಟ್ಟ ಎಳೆಯನ್ನು ಕತ್ತರಿಸುವಳು, ಎಣ್ಣೆಯದೋ ಬೆವರಿನದೋ ಕಲೆ ಕಂಡರೆ ಅಂಟುವಾಳದ ನೊರೆಯಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಒರೆಸಿ ಒರೆಸಿ ತೆಗೆಯುವಳು. ಕೊಯಮತ್ತೂರಿನ ಆರ್.ಎಸ್. ಪುರಂನ ಅಂಗಡಿಯವರು ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿ ನೋಡುತ್ತಾರೆ. ಒಂದು ಚುಕ್ಕೆ ಕಂಡರೂ ಮುಖಕ್ಕೆ ಹೊಡೆದ ಹಾಗೆ ವಾಪಸು ಕೊಡುತ್ತಾರೆ. ನಾನು ಶಾಲೆಯಲ್ಲಿದ್ದಾಗ ಒಮ್ಮೆ ಹಾಗೆ ವಾಪಸು ಬಂದ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೇಯ್ದವರು ಅಪ್ಪ, ಅವಮಾನ ಮಾತ್ರ ಅವಳದು. "ನಾಲ್ಕ್ ಜನ ನೋಡೋ ಇಡಕ್ಕೆ ಹೋಗೋದು, ಸುತ್ತಮಾ ಇರ್ಬೇಕು" ಎನ್ನುವುದು ಅವಳ ಮಾತು. ತಮಿಳಿನಲ್ಲಿ ಇಡಂ ಎಂದರೆ ಜಾಗ, ಸುತ್ತಂ ಎಂದರೆ ಶುಚಿ. ನಮ್ಮ ಮನೆಯ ಕನ್ನಡದಲ್ಲೂ ಅವೇ ಪದಗಳು.

ಇದನ್ನು ಮೊದಲಿಗೇ ಹೇಳುತ್ತಿದ್ದೇನೆ, ಏಕೆಂದರೆ ಇದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಬೇಕಾದ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೇ.

ಕುರಿಚಿ ಕೈಗಾರಿಕಾ ಎಸ್ಟೇಟಿನ ಹಿಂಬದಿಯ ನಮ್ಮ ಬೀದಿಯಲ್ಲಿ ಹಿಂದೆ ಮನೆಗೊಂದು ಗುಂಡಿ ಮಗ್ಗ ಇತ್ತಂತೆ. ನನಗೆ ನೆನಪಿರುವ ಕಾಲಕ್ಕೆ ಮೂರೋ ನಾಲ್ಕೋ ಉಳಿದಿದ್ದವು, ಕೊನೆಗೆ ಅಪ್ಪನದೊಂದೇ. ಉಳಿದವರ ಮಕ್ಕಳೆಲ್ಲ ಫೌಂಡ್ರಿಗೋ ಲೇತಿಗೋ ಹೋದರು. ಫೌಂಡ್ರಿಯ ಕರಿ ಧೂಳು ಗಾಳಿಯಲ್ಲಿ ತೇಲಿ ಬಂದು ಬಿಳಿ ನೂಲಿನ ಮೇಲೆ ಕೂರುತ್ತದೆ. ಅಮ್ಮನ ಅರ್ಧ ಆಯುಷ್ಯ ಆ ಧೂಳಿನ ಜತೆ ಜಗಳವಾಡುವುದರಲ್ಲೇ ಕಳೆಯಿತು. ಎದ್ದರೆ ಒರೆಸುವುದು, ಕೂತರೆ ಒರೆಸುವುದು, ಬಂದವರು ಎದ್ದು ಹೋದ ಜಾಗವನ್ನು ಅವರು ಬೀದಿಯ ತಿರುವು ದಾಟುವ ಮುಂಚೆಯೇ ಒರೆಸುವುದು. ಮನೆಯೊಳಗೆ ನಾವಾಡುವುದು ಕನ್ನಡ. ಹೊಸ್ತಿಲು ದಾಟಿದರೆ ತಮಿಳು, ಓದು ಬರಹ ಪೂರ್ತಿ ತಮಿಳು. ಈ ಕನ್ನಡ ಲಿಪಿಯನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಮೈಸೂರಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬಳು ಊಟದ ಬಿಡುವಿನಲ್ಲಿ ಹೇಳಿಕೊಟ್ಟಳು. ಅಪ್ಪ ಅಮ್ಮ ಇಬ್ಬರಿಗೂ ಇದರಲ್ಲಿ ಒಂದಕ್ಷರ ಬಾರದು.

ನನ್ನ ಕೆಲಸ ಕೊಯಮತ್ತೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ. ಬ್ಯಾಕ್ಟೀರಿಯಾಗಳು ಜೀವಂತವಾಗಿ ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂಬುದನ್ನು ವಿದ್ಯುತ್ತಿನ ಮೂಲಕ ಪತ್ತೆ ಮಾಡುವುದು ನಮ್ಮ ಯೋಜನೆ. ಅಪ್ಪನಿಗೆ ಅದನ್ನು ವಿವರಿಸಲು ಹೋಗಿ ಸೋತಿದ್ದೆ. "ನಮ್ ಪಾಪಾ ಹುಳುಗೆ ಶಾಕ್ ಕೊಡೋ ವೇಲೆ ಮಾಡ್ತಾಳೆ" ಎಂದು ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ವೇಲೆ ಎಂದರೆ ಕೆಲಸ. ನನಗೆ ಮೂವತ್ತು ದಾಟಿದ್ದರೂ ಮನೆಯಲ್ಲಿ ನಾನು ಪಾಪಾ.

ಶಾಕ್ ಏನೂ ಕೊಡುವುದಿಲ್ಲ. ಗಾಯಗಳಲ್ಲಿ ಮನೆ ಮಾಡುವ ಸೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗ ನೀಲಿಹಸಿರು ಬಣ್ಣದ ಒಂದು ರಾಸಾಯನಿಕವನ್ನು ಹೊರಕ್ಕೆ ಬಿಡುತ್ತದೆ. ಅದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಕೊಟ್ಟು ತೆಗೆದುಕೊಳ್ಳುವ ವಸ್ತು. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಇಂಗಾಲದ ಮಸಿಯಿಂದ ಅಚ್ಚು ಹಾಕಿದ ಎಲೆಕ್ಟ್ರೋಡ್ ಇರುತ್ತದೆ. ಅದರ ಮೇಲೆ ಗಾಯದ ದ್ರವದ ಒಂದು ಹನಿ ಬಿಟ್ಟು, ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಾ ಹೋದರೆ, ಆ ರಾಸಾಯನಿಕ ಇದ್ದಲ್ಲಿ ಒಂದು ಗೊತ್ತಾದ ಜಾಗದಲ್ಲಿ ಕರೆಂಟು ಏರಿ ಇಳಿಯುತ್ತದೆ. ಪರದೆಯ ಮೇಲೆ ಅದೊಂದು ಗುಡ್ಡ. ಗುಡ್ಡ ಕಂಡರೆ ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತಿದೆ ಎಂದರ್ಥ. ಇಲ್ಲದಿದ್ದರೆ ಗೆರೆ ಚಪ್ಪಟೆ. ಆಸ್ಪತ್ರೆಯ ಕಲ್ಚರ್ ಪರೀಕ್ಷೆಗೆ ಎರಡು ಮೂರು ದಿನ ಹಿಡಿದರೆ ಇದಕ್ಕೆ ಐದು ನಿಮಿಷ ಸಾಕು. ಆಗಿನ್ನೂ ನಾವು ಲ್ಯಾಬಿನಲ್ಲೇ ಬೆಳೆಸಿದ ಬ್ಯಾಕ್ಟೀರಿಯಾಗಳ ಮೇಲಷ್ಟೇ ಪರೀಕ್ಷೆ ಮಾಡುತ್ತಿದ್ದೆವು. ಮನುಷ್ಯರ ಗಾಯದ ದ್ರವ ತರಬೇಕಾದರೆ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕು, ಅದು ಬರುವವರೆಗೆ ಯಾರೂ ಆ ಕಡೆ ಹೋಗಬಾರದು ಎಂದು ಯೋಜನೆಯ ಮುಖ್ಯಸ್ಥೆ, ನಮ್ಮ ಮೇಡಂ, ಕಟ್ಟುನಿಟ್ಟಾಗಿ ಹೇಳಿದ್ದರು.

ಅಪ್ಪನ ಕಾಲಿಗೆ ಗಾಯವಾದದ್ದು ಹೋದ ವರ್ಷ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶ ಇರಲಿಲ್ಲ. ಗುಂಡಿ ಮಗ್ಗದಲ್ಲಿ ನೇಕಾರ ನೆಲದ ಮೇಲೆ ಕೂತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಹಲಗೆಯ ಸೀಳೊಂದು ಬಲಗಾಲ ಹೆಬ್ಬೆರಳಿನ ಬುಡಕ್ಕೆ ಹೊಕ್ಕು ಎಷ್ಟು ದಿನವಾಗಿತ್ತೋ ಅವರಿಗೇ ತಿಳಿಯಲಿಲ್ಲ. ಗುಂಡಿ ಗುಡಿಸಲು ಇಳಿದ ಅಮ್ಮ ರಕ್ತ ನೋಡಿ ಮೇಲೆ ಬಂದು ಮೊದಲು ಬೈದಳು. "ಇದು ಸೀರೆಗೆ ಆಗಿದ್ರೆ ಏನ್ರಿ ಮಾಡೋದು?" ಆಮೇಲೆ ಗಾಯ ನೋಡಿ ಅಲ್ಲೇ ಕೂತಳು.

ಬೀದಿ ಕೊನೆಯ ಡಾಕ್ಟರು ಮಾತ್ರೆ, ಮುಲಾಮು ಕೊಟ್ಟು, ಕೀವು ಬಂದರೆ ಅಥವಾ ಬಣ್ಣ ತಿರುಗಿದರೆ ಒಂದು ದಿನವೂ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಈಗಲೇ ಹೋಗಿ ತೋರಿಸಿಬಿಡೋಣ ಎಂದು ಅಮ್ಮ. ಅಪ್ಪ ಒಪ್ಪಲಿಲ್ಲ. ಮಗ್ಗದ ಮೇಲೆ ಹೊಸ ಹಾಸು, ಸೀರೆಯ ಉದ್ದದ ಎಳೆಗಳನ್ನು, ಏರಿಸಿ ಎರಡು ದಿನವಾಗಿತ್ತು. ಆಸ್ಪತ್ರೆಗೆ ಹೋದರೆ ಕಾಲು ಕೆಳಗಿಡಬೇಡ ಎಂದು ತಿಂಗಳುಗಟ್ಟಲೆ ಮಲಗಿಸುತ್ತಾರೆ, ನೂಲು ಮಗ್ಗದ ಮೇಲೇ ಸಡಿಲಾಗಿ ಹಾಳಾಗುತ್ತದೆ ಎಂದು ಅವರ ವಾದ. ಇಬ್ಬರ ನಡುವೆ ನಾನು ಬಾಯಿ ಹಾಕಿದೆ.

"ನಾನೇ ದಿನಾ ಟೆಸ್ಟ್ ಮಾಡ್ತೀನಿ. ಒಳಗೆ ಹುಳು ಇದ್ರೆ ಅದೇ ದಿನ ಗೊತ್ತಾಗ್ತದೆ. ಗೊತ್ತಾದ ತಕ್ಷಣ ಹೋಗೋಣ."

ಆ ಮಾತು ಹೇಳಿದಾಗ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಇಷ್ಟು ವರ್ಷ ಓದಿದ್ದು ಮನೆಗೆ ಉಪಯೋಗವಾದದ್ದು ಅದೇ ಮೊದಲು. ಅಪ್ಪ ಅಮ್ಮನ ಕಡೆ ತಿರುಗಿ, "ಕೇಳ್ದಾ? ಮನೇಲೇ ಡಾಕ್ಟರ್ ಇದ್ದಾಳೆ" ಎಂದರು. ನಾನು ಡಾಕ್ಟರಲ್ಲ, ಡಾಕ್ಟರೇಟ್ ಕೂಡ ಇಲ್ಲ. ಆದರೂ ತಿದ್ದಲಿಲ್ಲ.

ದಿನಾ ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಇಳಿಯುವ ಮುಂಚೆ ಅಮ್ಮ ಕಟ್ಟು ಬದಲಿಸುತ್ತಿದ್ದಳು. ನಾನು ಅವಳಿಗೆ ಲ್ಯಾಬಿನಿಂದ ತಂದ ಮುಚ್ಚಳದ ಸಣ್ಣ ಟ್ಯೂಬುಗಳನ್ನೂ ಶುದ್ಧ ಹತ್ತಿಯ ಕಡ್ಡಿಗಳನ್ನೂ ಕೊಟ್ಟು ಹೇಳಿದೆ: "ಈ ಹತ್ತೀನ ಪುಣ್ಣು ಮೇಲೆ ಒತ್ತು, ಹತ್ತು ಎಣಿಸು, ಟ್ಯೂಬ್‌ಗೆ ಹಾಕಿ ಮುಚ್ಚಿಡು. ಹತ್ತಿ ತುದೀನ ಕೈಲಿ ಮುಟ್ಬೇಡ." ಪುಣ್ಣು ಎಂದರೆ ಗಾಯ. ಅಷ್ಟೇ ಹೇಳಿದ್ದು. ಅಮ್ಮ ಪಾಠ ಒಪ್ಪಿಸುವ ಮಗುವಿನಂತೆ ಅದನ್ನು ನನಗೇ ತಿರುಗಿ ಹೇಳಿ ತೋರಿಸಿದಳು. ಒತ್ತು, ಹತ್ತು ಎಣಿಸು, ಮುಚ್ಚಿಡು, ಮುಟ್ಟಬಾರದು. ಎಲ್ಲ ಸರಿಯಾಗಿತ್ತು.

ನೀನೇ ಏಕೆ ತೆಗೆಯಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದು ಉತ್ತರ ಸಿದ್ಧವಿದೆ. ಅಪ್ಪ ಮಗಳ ಕೈಗೆ ಕಾಲು ಕೊಡುವವರಲ್ಲ. ಹೆಣ್ಣುಮಕ್ಕಳಿಂದ ಕಾಲು ಮುಟ್ಟಿಸಿಕೊಳ್ಳಬಾರದು ಎಂದು ಹಬ್ಬದ ದಿನ ಕೂಡ ನನ್ನನ್ನು ತಡೆಯುತ್ತಿದ್ದರು. ಇದು ನಿಜ. ಇದರ ಹಿಂದೆ ಇನ್ನೊಂದು ನಿಜ ಇದೆ. ನನಗೆ ಆ ಗಾಯ ನೋಡಲು ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ತಟ್ಟೆಗಟ್ಟಲೆ ಸೂಡೊಮೋನಾಸ್ ಬೆಳೆಸಿ ಎಣಿಸುವ ನಾನು, ಅಪ್ಪನ ಹೆಬ್ಬೆರಳ ಬುಡದ ಆ ತೂತನ್ನು ಒಂದು ಸಲ ನೋಡಿ ಮತ್ತೆ ಆ ಕಡೆ ಮುಖ ಮಾಡಲಿಲ್ಲ. ಅಮ್ಮ ಕಟ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಟ್ಯೂಬು ನನ್ನ ಊಟದ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು, ಒಂದು ಕಾಗದದಲ್ಲಿ ಅಂದವಾಗಿ ಸುತ್ತಿ.

ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ನಾನು ಕಳ್ಳಿಯ ಹಾಗೆ ಆ ಹತ್ತಿಯನ್ನು ಉಪ್ಪಿನ ದ್ರಾವಣದಲ್ಲಿ ಅದ್ದಿ, ಹಿಂಡಿ, ಹನಿಯನ್ನು ಪಟ್ಟಿಯ ಮೇಲೆ ಬಿಡುತ್ತಿದ್ದೆ. ಮೊದಲ ದಿನ ಗೆರೆ ಚಪ್ಪಟೆ. ಎರಡನೆಯ ದಿನ ಚಪ್ಪಟೆ. ಮೂರನೆಯ ದಿನ ನನಗೇ ಅನುಮಾನ ಬಂದು, ಅದೇ ಹನಿಗೆ ನಮ್ಮಲ್ಲಿದ್ದ ಶುದ್ಧ ರಾಸಾಯನಿಕದ ಒಂದಿಷ್ಟು ಸೇರಿಸಿ ನೋಡಿದೆ. ಗುಡ್ಡ ಸೊಗಸಾಗಿ ಎದ್ದಿತು. ಪಟ್ಟಿ ಸರಿ, ಯಂತ್ರ ಸರಿ. ಹಾಗಾದರೆ ಅಪ್ಪನ ಕಾಲಲ್ಲಿ ಏನೂ ಇಲ್ಲ. ಬಸ್ಸಿನಲ್ಲಿ ನಿಂತೇ ಬಂದರೂ ಅಂದು ದಣಿವಾಗಲಿಲ್ಲ.

ದಿನಾ ಸಂಜೆ ಫೋನಿನಲ್ಲಿ ಗೆರೆಯ ಚಿತ್ರ ತೋರಿಸುವುದು ಒಂದು ಪದ್ಧತಿಯಾಯಿತು. ಅಪ್ಪ ಮಗ್ಗದಿಂದ ಮೇಲೆ ಬಂದು ಕನ್ನಡಕ ಹಾಕಿಕೊಂಡು ನೋಡಿ, "ನಮ್ ರೋಡ್ ಕೂಡ ಇಷ್ಟು ಸಮಮಾ ಇಲ್ಲ ಪಾಪಾ" ಎನ್ನುತ್ತಿದ್ದರು. ಅಮ್ಮ ಫೋನನ್ನು ಹತ್ತಿರ ಹಿಡಿದು, ಗೆರೆಯನ್ನು ಸೀರೆಯ ಅಂಚು ನೋಡುವ ಹಾಗೆ ಈ ಕೊನೆಯಿಂದ ಆ ಕೊನೆಯವರೆಗೆ ನೋಡುವಳು. ಆಮೇಲೆ ದೇವರ ಪಟಕ್ಕೆ ಕೈ ಮುಗಿಯುವಳು. ಅವಳ ಮುಖದಲ್ಲಿ ಇದ್ದದ್ದು ಬರೀ ನೆಮ್ಮದಿಯಲ್ಲ, ಒಂದು ಬಗೆಯ ಹೆಮ್ಮೆ. ಅದು ನನ್ನ ಬಗೆಗಿನ ಹೆಮ್ಮೆ ಎಂದುಕೊಂಡಿದ್ದೆ.

ಎರಡು ವಾರ ಕಳೆದಿರಬೇಕು. ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ನಿಂತಳು.

"ಪಾಪಾ, ಅಪ್ಪನ ಕಟ್ಟು ಬಿಚ್ಚಿದ್ರೆ ಏನೋ ಬೇರೆ ವಾಸ್ನೆ ಬರ್ತದೆ."

"ಎಂಥ ವಾಸ್ನೆ?"

"ಕೊಳೆತ ವಾಸ್ನೆ ಅಲ್ಲ. ಏನೋ ಸಿಹಿ ಥರ. ದ್ರಾಕ್ಷಿ ಹುಳಿ ಬಂದ ಹಾಗೆ."

ಅಮ್ಮನ ಮೂಗನ್ನು ಬೀದಿಯೇ ನಂಬುತ್ತಿತ್ತು. ಹಾಸಿನ ನೂಲಿಗೆ ಹಚ್ಚುವ ಅಕ್ಕಿಗಂಜಿಯನ್ನು ಒಂದು ಹದಕ್ಕೆ ಹುಳಿ ಬರಿಸಬೇಕು. ಕಡಿಮೆಯಾದರೆ ಎಳೆ ಹಿಡಿಯುವುದಿಲ್ಲ, ಮೀರಿದರೆ ನೂಲು ಕೊಳೆಯುತ್ತದೆ. ಮಗ್ಗಗಳಿದ್ದ ಕಾಲದಲ್ಲಿ ಬೀದಿಯ ಹೆಂಗಸರು ಗಂಜಿ ಪಾತ್ರೆ ಹಿಡಿದು ಅಮ್ಮನ ಬಳಿ ಬಂದು ಮೂಸಿಸಿಕೊಂಡು ಹೋಗುತ್ತಿದ್ದರಂತೆ. ಸೂಡೊಮೋನಾಸ್ ದ್ರಾಕ್ಷಿಯ ವಾಸನೆ ಕೊಡುತ್ತದೆ ಎಂಬುದು ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಸೇರಿದವರಿಗೂ ಗೊತ್ತು. ನನಗೆ ಗೊತ್ತಿತ್ತು. ಆ ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿತ್ತು, ತಲೆಗೂದಲು ಸಿಕ್ಕುಗಟ್ಟಿತ್ತು, ಹದಿನಾಲ್ಕು ದಿನದ ಚಪ್ಪಟೆ ಗೆರೆಗಳು ನನ್ನ ಫೋನಿನಲ್ಲಿ ಇದ್ದವು.

"ಅಮ್ಮಾ, ನಿನ್ನ ಮೂಗಿಗಿಂತ ಮಿಷಿನ್‌ಗೆ ಜಾಸ್ತಿ ಗೊತ್ತು. ಸುಮ್ನೆ ಭಯ ಬೀಳಿಸ್ಬೇಡ."

"ಆಮಾ," ಎಂದು ಒಪ್ಪಿದಳು ಅಮ್ಮ. "ಸರಿ. ಓದಿರೋಳು ನೀನು." ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನು ಜಗಳವಾಡಿ, ಜಗಳದ ಹಟಕ್ಕಾದರೂ ಹೋಗಿ ಮೂಸಿ ನೋಡುತ್ತಿದ್ದೆನೋ ಏನೋ. ಆ ದಿನವೂ ಅವಳು ಟ್ಯೂಬನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಆ ದಿನವೂ ಗೆರೆ ಚಪ್ಪಟೆಯಾಗಿತ್ತು.

ಅದಾಗಿ ಒಂದು ವಾರಕ್ಕೆ ಅಮ್ಮನ ಫೋನು ಬಂತು. ಅಪ್ಪನಿಗೆ ಬೆಳಗಿನಿಂದ ಚಳಿಜ್ವರ, ಆದರೂ ಮಗ್ಗಕ್ಕೆ ಇಳಿದಿದ್ದಾರೆ, ಈಗ ಗುಂಡಿಯಿಂದ ಮೇಲೆ ಏಳಲು ಆಗುತ್ತಿಲ್ಲ. ಪಕ್ಕದ ಫೌಂಡ್ರಿಯ ಇಬ್ಬರು ಬಂದು ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ನಾನು ನೇರವಾಗಿ ಆಸ್ಪತ್ರೆಗೆ ಹೋದೆ. ಶಸ್ತ್ರಚಿಕಿತ್ಸೆಯ ಡಾಕ್ಟರು ನನ್ನ ಮುಂದೆಯೇ ಕಟ್ಟು ಬಿಚ್ಚಿದರು. ಅಲ್ಲಿ ಸ್ನಾನದ ಮನೆ ಇರಲಿಲ್ಲ, ಹೋಗಿ ಅಡಗಲು. ಬಟ್ಟೆಯ ಒಳಮಗ್ಗುಲು ಹಸಿರು. ಹೆಬ್ಬೆರಳು ಕಪ್ಪಗಾಗಿತ್ತು, ಪಾದದ ಕೆಳಗೆ ಒತ್ತಿದರೆ ಎಲ್ಲೆಲ್ಲೋ ಕೀವು ಬರುತ್ತಿತ್ತು. ಕೋಣೆಯ ತುಂಬ ದ್ರಾಕ್ಷಿಯ ವಾಸನೆ.

"ಒಂದು ವಾರ ಮುಂಚೆ ಬಂದಿದ್ದರೂ ಬೆರಳಿನಲ್ಲಿ ಮುಗಿಯುತ್ತಿತ್ತು" ಎಂದು ಡಾಕ್ಟರು ತಮಿಳಿನಲ್ಲಿ ಹೇಳಿದರು. ಬೈಯಲಿಲ್ಲ. ಅವರಿಗೆ ಇದು ದಿನನಿತ್ಯದ ಮಾತಿರಬೇಕು. ಮರುದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮೊದಲ ದಿನ ಡಾಕ್ಟರು ಬಿಚ್ಚಿ ಬಿಸಾಡಿದ ಕಟ್ಟಿನ ಒಂದು ತುಂಡು ಬಟ್ಟೆಯನ್ನು ನರ್ಸಿಗೆ ಹೇಳಿ ಟ್ಯೂಬಿನಲ್ಲಿ ಹಾಕಿಸಿಕೊಂಡಿದ್ದೆ. ಕಾಲು ಕತ್ತರಿಸಿದ ದಿನ ಅದನ್ನು ಹಿಡಿದು ಲ್ಯಾಬಿಗೆ ಹೋದೆ. ಅಪ್ಪ ಪ್ರಜ್ಞೆ ಬಂದು ಕಾಲು ಹುಡುಕುತ್ತಿರುವಾಗ ಮಗಳು ಲ್ಯಾಬಿನಲ್ಲಿ ಇದ್ದಳು. ಗುಡ್ಡ ಪರದೆಯ ಮೇಲಂಚನ್ನು ದಾಟಿ ಹೋಯಿತು. ಅಳತೆ ಬದಲಿಸಿ ಮತ್ತೆ ನೋಡಬೇಕಾಯಿತು. ಅಷ್ಟು ಎತ್ತರದ ಗುಡ್ಡವನ್ನು ನಾನು ಲ್ಯಾಬಿನ ತಟ್ಟೆಯಿಂದ ಕೂಡ ಎಬ್ಬಿಸಿರಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನದವರೆಗೆ ಏನೂ ಇಲ್ಲದ ಕಡೆ ಒಂದೇ ದಿನದಲ್ಲಿ ಇಷ್ಟು ಹೇಗೆ ಎಂದು ತಲೆ ಕೆಡಿಸಿಕೊಂಡೆ. ಪುಸ್ತಕ ನೋಡಿದೆ, ಲೇಖನ ನೋಡಿದೆ. ಎಲ್ಲವನ್ನೂ ನೋಡಿದೆ, ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಮಾತ್ರ ಕೇಳಲಿಲ್ಲ.

ಅಪ್ಪನನ್ನು ಮನೆಗೆ ಕರೆತಂದ ಮೇಲೆ ನೋಡಲು ಬರುವವರ ಸಾಲು. ಮಡತ್ತುಕುಳಂನಿಂದ ಅಪ್ಪನ ಅಕ್ಕ, ನನ್ನ ಅತ್ತೆ, ಬಂದಿದ್ದರು. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಅಮ್ಮ ಅಳುತ್ತಾ ಅತ್ತೆಗೆ ಹೇಳುತ್ತಿದ್ದುದು ಅಡುಗೆಮನೆಗೆ ಚೆನ್ನಾಗಿ ಕೇಳುತ್ತಿತ್ತು.

"ನಾನೇನ್ ಕಮ್ಮಿ ಮಾಡ್ದೆ ಅಣ್ಣಿ? ದಿನಾ ಬೆಳಿಗ್ಗೆ ಅರಿಶಿನ ಹಾಕಿ ನೀರು ಕಾಯ್ಸಿ ತೊಳೀತಿದ್ದೆ. ಆಮೇಲೆ ನೀರಿಗೆ ಹಾಕಿದ್ರೆ ಹಾಲಿನ ಹಾಗೆ ಬೆಳ್ಳಗಾಗೋ ಆ ಪುಣ್ಣು ತೊಳೆಯೋ ಮರುಂದು ಇದೆಯಲ್ಲ, ಅದ್ರಲ್ಲಿ ಮತ್ತೆ ಎರಡು ತಡವೆ ತೊಳೆಯೋದು. ಒರೆಸಿ, ಈರ ಆರಿದ್ಮೇಲೆ ತಾನೇ ಹತ್ತಿ ಒತ್ತಿ ಕೊಡೋದು. ಪಾಪಾ ಅದನ್ನ ಕಾಲೇಜ್‌ಗೆ ತಗೊಂಡ್ ಹೋಗ್ತಾಳೆ, ಅಲ್ಲಿ ದೊಡ್ಡ ದೊಡ್ಡವ್ರು ನೋಡ್ತಾರೆ. ಕೀವು ರಕ್ತ ಎಲ್ಲಾ ಹಂಗೇ ಕಳ್ಸಕ್ಕಾಗ್ತದಾ? ಒಂದು ದಿನ, ಒಂದು ದಿನ ಕೂಡ ಕೊಳೆ ಕೊಳೆಯಾ, ಅಳುಕ್ಕಾ ಕೊಟ್ಟಿಲ್ಲ. ಕಟ್ಟು ಬಟ್ಟೆ ಪಚ್ಚೆ ಬಣ್ಣ ಆಗೋದು, ನಾನು ಅರಿಶಿನದ್ದು ಅಂದ್ಕೊಂಡೆ. ಅವಳ ಮಿಷಿನ್ ಏನೂ ಇಲ್ಲ ಅಂತಿತ್ತು."

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ನಾನು ಒಲೆ ಆರಿಸಿದೆ. ಅಮ್ಮನ ಮುಖದಲ್ಲಿ ಕಂಡಿದ್ದ ಹೆಮ್ಮೆ ಏನೆಂದು ಆಗ ತಿಳಿಯಿತು. ಇಪ್ಪತ್ತೊಂದು ದಿನ ಅವಳು ಕಾಲೇಜಿಗೆ ಕಳಿಸಿದ ಮಾಲು ಒಂದು ಕಲೆಯೂ ಇಲ್ಲ ಎಂದು ಒಪ್ಪಿಗೆಯಾಗಿ ಬಂದಿತ್ತು. ಆರ್.ಎಸ್. ಪುರಂನ ಅಂಗಡಿಗೆ ಸೀರೆ ಕಳಿಸುವ ಹಾಗೆಯೇ ಅವಳು ಗಂಡನ ಗಾಯವನ್ನು ಕಳಿಸಿದ್ದಳು.

ಯಂತ್ರ ಸುಳ್ಳು ಹೇಳಿರಲಿಲ್ಲ. ತೊಳೆದ ಚರ್ಮದ ಮೇಲೆ ಒತ್ತಿದ ಹತ್ತಿಯಲ್ಲಿ ಏನೂ ಇಲ್ಲ ಎಂದು ದಿನಾ ನಿಜವನ್ನೇ ಹೇಳಿತ್ತು. ಮೇಲಿನದೆಲ್ಲ ತೊಳೆದು ಹೋಗುತ್ತಿತ್ತು. ಒಳಗೆ, ಮೂಳೆಯ ಬದಿಯಲ್ಲಿ, ಅದು ತನ್ನ ಪಾಡಿಗೆ ಬೆಳೆಯುತ್ತಿತ್ತು. ತೊಳೆಯುವ ಮುಂಚೆ ಹತ್ತಿ ಒತ್ತಬೇಕು ಎಂದು ನಾನು ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ. ನಮ್ಮ ಲ್ಯಾಬಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ಅತ್ತೆ ಲೋಟ ತೆಗೆದುಕೊಂಡು ನನ್ನ ಮುಖ ನೋಡಿ ಕೇಳಿದರು. "ಅಷ್ಟು ದಿನ ನೋಡಿದ್ಯಲ್ಲ, ನಿನ್ನ ಮಿಷಿನ್ ಯಾಕಮ್ಮಾ ಹೇಳ್ಲಿಲ್ಲ?"

ಅಮ್ಮ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಗೋಡೆಗೊರಗಿ ಕೂತಿದ್ದ ಅಪ್ಪನೂ ನೋಡುತ್ತಿದ್ದರು.

"ಮಿಷಿನ್ ಸರಿ ಇರ್ಲಿಲ್ಲ ಅತ್ತೆ" ಎಂದೆ.

"ಪಾವಂ, ಅವಳೇನ್ ಮಾಡ್ತಾಳೆ" ಎಂದಳು ಅಮ್ಮ. ನನ್ನ ಪರವಾಗಿ ವಾದ ಮಾಡಿದಳು! ಆ ಕ್ಷಣ ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲಿಂದ ಮುಂದೆ ಅದೇ ನಮ್ಮ ಮನೆಯ ಕಥೆಯಾಯಿತು. ಬಂದವರಿಗೆಲ್ಲ ಅಮ್ಮ ಅರಿಶಿನ ನೀರಿನಿಂದ ಶುರು ಮಾಡಿ ಮಿಷಿನ್ ಕೆಟ್ಟದ್ದರವರೆಗೆ ಒಂದು ಪದ ಬದಲಾಗದೆ ಹೇಳುವಳು. ಬಂದವರು ಲೊಚಗುಟ್ಟಿ, ಈ ಮಿಷಿನ್‌ಗಳನ್ನೆಲ್ಲ ನಂಬಲೇಬಾರದು ಎಂದು ತಮಗೆ ತಿಳಿದ ಒಂದೆರಡು ಕಥೆ ಸೇರಿಸುವರು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುವೆ. ಒಬ್ಬ ಮಹಾನುಭಾವ, ನಿಮ್ಮ ಕಾಲೇಜಿನ ಮೇಲೆ ಕೇಸು ಹಾಕಬಹುದಲ್ಲ ಎಂದ. ಕೈಯಲ್ಲಿದ್ದ ಲೋಟವನ್ನು ಅವನ ತಲೆಗೆ ಎಸೆಯಬೇಕೆನಿಸಿತು.

ಅಪ್ಪ ಬಡಗಿಯನ್ನು ಕರೆಸಿ ಮಗ್ಗದ ಗುಂಡಿಗೆ ಹಲಗೆ ಮುಚ್ಚಿಸಿದರು. ಅರ್ಧ ನೇಯ್ದ ಹಾಸನ್ನು ಅಮ್ಮ ಕತ್ತರಿಸಿ ತೆಗೆದಳು. ಆ ಹಲಗೆಯ ಮೇಲೆಯೇ ಅಪ್ಪ ದಿನವಿಡೀ ಕೂತಿರುತ್ತಾರೆ. ಫೌಂಡ್ರಿಯ ಸುತ್ತಿಗೆ ಹೊಡೆಯಲು ಶುರುವಾದರೆ ಅವರ ತೊಡೆ ಆ ಲಯಕ್ಕೆ ಏರಿ ಇಳಿಯುತ್ತದೆ, ತುಳಿಯುತ್ತಿರುವಂತೆ. ಅವರಿಗೆ ಅದು ಗೊತ್ತಾಗುವುದಿಲ್ಲ. ನಗಿಸುವ ಮಾತು ಪೂರ್ತಿ ನಿಂತುಹೋಯಿತು. ಕೃತಕ ಕಾಲು ಹಾಕಿಸೋಣ ಎಂದರೆ, "ಅದ್ರಲ್ಲಿ ನೇಯಕ್ಕಾಗ್ತದಾ?" ಎಂದು ಒಂದು ಸಲ ಕೇಳಿದರು. ನಡೆಯಬಹುದು ಎಂದೆ. ಅವರು ಮತ್ತೆ ಕೇಳಲಿಲ್ಲ.

ಆ ತಿಂಗಳುಗಳಲ್ಲಿ ನಾನು ಒಂದು ನೋಟುಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆಯತೊಡಗಿದೆ, ಕನ್ನಡದಲ್ಲಿ. ತಮಿಳಿನಲ್ಲಿ ಬರೆದಿದ್ದರೆ ಅಮ್ಮ ಓದಿಬಿಡುತ್ತಿದ್ದಳು. ಪುಸ್ತಕ ಎಲ್ಲಿ ಬಿದ್ದಿದ್ದರೂ ಭಯವಿರಲಿಲ್ಲ. ಅವಳು ಅದನ್ನು ತೆರೆದು ನೋಡಿ, "ಎಷ್ಟು ಜಿಲೇಬಿ ಸುತ್ತಿದ್ದೀಯ ಪಾಪಾ, ನಮ್ ಮಾತು ಹಿಂಗಿರ್ತದಾ?" ಎಂದು ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಅವಳ ಬೆರಳಿನ ಕೆಳಗೇ ಎಲ್ಲ ಇತ್ತು, ಅರಿಶಿನ ನೀರು, ಹತ್ತಿ, ಇಪ್ಪತ್ತೊಂದು ದಿನ.

ಈ ವರ್ಷ ಸಮಿತಿಯ ಅನುಮತಿ ಬಂತು. ಆಸ್ಪತ್ರೆಯೊಂದರ ರೋಗಿಗಳು ಮನೆಯಲ್ಲೇ ಹತ್ತಿ ಒತ್ತಿ ಕಳಿಸುವ ಏರ್ಪಾಡು. ಅವರಿಗೆ ಕೊಡಲು ಸುಲಭವಾದ ತಮಿಳಿನಲ್ಲಿ ಒಂದು ಸೂಚನೆಯ ಹಾಳೆ ಬರೆಯಲು ಮೇಡಂ ನನಗೆ ಹೇಳಿದರು. ನಾನು ಕೂತ ಕಡೆಯಲ್ಲೇ ಬರೆದು ಮುಗಿಸಿದೆ. ಮೊದಲ ಸಾಲನ್ನು ಉಳಿದೆಲ್ಲಕ್ಕಿಂತ ದೊಡ್ಡಕ್ಷರದಲ್ಲಿ ಹಾಕಿಸಿದೆ. "ಚೆನ್ನಾಗಿ ಯೋಚಿಸಿದ್ದೀಯ, ಇದು ನಮಗೆ ಹೊಳೆದೇ ಇರಲಿಲ್ಲ" ಎಂದರು ಮೇಡಂ. ಅವರಿಗೆ ಅಪ್ಪನ ವಿಷಯ ಗೊತ್ತಿಲ್ಲ, ಇಂದಿಗೂ.

ಅಚ್ಚಾಗಿ ಬಂದ ಒಂದು ಹಾಳೆ ನನ್ನ ಊಟದ ಚೀಲದಲ್ಲೇ ಉಳಿದಿತ್ತು. ಮರೆತು ಉಳಿಯಿತೇ, ನಾನೇ ಉಳಿಸಿದೆನೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಚೀಲ ಒಗೆಯಲೆಂದು ಕೊಡವಿದಾಗ ಅದು ಕೆಳಗೆ ಬಿತ್ತು. ಬಾಗಿಲ ಬಳಿ, ಸೀರೆ ನೋಡುತ್ತಿದ್ದ ಅದೇ ಬೆಳಕಿನಲ್ಲಿ ನಿಂತು, ಬೆರಳಿಟ್ಟು ಒಂದೊಂದೇ ಪದ ಕೂಡಿಸಿ ಅವಳು ಜೋರಾಗಿ ಓದಿದಳು.

"ಪುಣ್ಣೈ... ಕಳುವುವದರ್ಕು... ಮುನ್ಬೇ..."

ಗಾಯವನ್ನು ತೊಳೆಯುವ ಮುಂಚೆಯೇ. ಮುಂದಿನ ಪದಗಳನ್ನು ಅವಳು ಮನಸ್ಸಿನಲ್ಲಿ ಓದಿದಳು. ಮತ್ತೆ ಮೊದಲಿಗೆ ಬಂದಳು. ನಾನು ಹಲಗೆಯ ಅಂಚಿನಲ್ಲಿ ಅಪ್ಪನ ಪಕ್ಕ ಕೂತು ತರಕಾರಿ ಹೆಚ್ಚುತ್ತಿದ್ದೆ. ಎದ್ದು ಹೋಗಿ ಹಾಳೆ ಕಿತ್ತುಕೊಳ್ಳಬಹುದಿತ್ತು. ಕೂತಲ್ಲೇ ಕೂತಿದ್ದೆ.

"ತೊಳ್ದ ಮೇಲೆ ಕೊಟ್ರೆ ತೆರಿಯಲ್ವಾ?" ಎಂದಳು ಅಮ್ಮ, ಹಾಳೆಯಿಂದ ತಲೆಯೆತ್ತದೆ. ತಿಳಿಯುವುದಿಲ್ಲವೇ ಎಂದು.

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ನೋಡಲಿಲ್ಲ. "ಇಲ್ಲಮ್ಮಾ" ಎಂದೆ.

"ಯಾವಾಗ್ಲಿಂದ ಗೊತ್ತು ನಿಂಗೆ?"

"ಅತ್ತೆ ಬಂದ ದಿನ. ನೀನು ಹೇಳ್ತಿದ್ದೆ, ಕೇಳ್ಸ್ಕೊಂಡೆ."

ಅಪ್ಪ ಗೋಡೆಯ ಕಡೆ ತಿರುಗಿದರು. ಅಮ್ಮ ಹಾಳೆಯನ್ನು ಸೀರೆ ಮಡಿಸುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಎಂಟು ತಿಂಗಳು ಹೆದರಿದ್ದೆ. ಅವಳು ಅದೇನನ್ನೂ ಮಾಡಲಿಲ್ಲ. ನನ್ನ ಮುಂದೆ ಬಂದು ಕೂತು, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳಂತೆ ಕೇಳಿದಳು.

"ಟ್ಯೂಬ್ ಕೊಟ್ಟ ದಿನ ನೀನು ನಾಲ್ಕ್ ಮಾತು ಹೇಳ್ದೆ. ನಾನು ನಾಲ್ಕೂ ಮಾಡ್ದೆ. ಈ ಒಂದು ಮಾತೂ ಹೇಳಿದ್ರೆ ಮಾಡ್ತಿರ್ಲಿಲ್ವಾ, ಪಾಪಾ?"

ಮಾಡುತ್ತಿದ್ದಳು. ಅದಕ್ಕಿಂತ ದೊಡ್ಡ ನಿಜ ನನಗೆ ಈ ಜಗತ್ತಿನಲ್ಲಿ ಗೊತ್ತಿಲ್ಲ. ಒಂದು ಸಾಲು ಹೇಳಿದ್ದರೆ ಸಾಕಾಗಿತ್ತು. ಅವಳು ಕೀವನ್ನು ಕೀವಾಗಿಯೇ, ನಾಚಿಕೆಪಟ್ಟುಕೊಂಡಾದರೂ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು.

ಈಗ ಬಂದವರಿಗೆ ಅವಳು ಆ ಕಥೆ ಹೇಳುವುದಿಲ್ಲ. ಯಾರಾದರೂ ಮಿಷಿನ್ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಕೂತೆದ್ದ ಜಾಗ ಒರೆಸುವುದು ಕೂಡ ಕಡಿಮೆಯಾಗಿದೆ, ಕಿಟಕಿಯ ಕಟ್ಟೆಯ ಮೇಲೆ ಫೌಂಡ್ರಿಯ ಧೂಳು ಹಾಗೇ ಕೂತಿರುತ್ತದೆ. ಅಪ್ಪನ ಎಡಗಾಲಿನಲ್ಲಿ ಗಾಯವಿಲ್ಲ, ಗೀರಿಲ್ಲ, ಏನೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಅವಳು ಬಿಸಿನೀರಿನ ಪಾತ್ರೆಯನ್ನು ಹಲಗೆಯ ಪಕ್ಕ ಇಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನನ್ನನ್ನು ಕರೆಯುತ್ತಾಳೆ. ನಾನು ಬಂದು ಬಗ್ಗಿ, ಬೆರಳು ಬೆರಳು ಬಿಡಿಸಿ, ಆ ಕಾಲನ್ನು ನೋಡುತ್ತೇನೆ. ಅಪ್ಪ ಈಗ ತಡೆಯುವುದಿಲ್ಲ. ನಾನು ನೋಡಿ ಮುಗಿಸುವವರೆಗೆ ಕಾದಿದ್ದು ಅಮ್ಮ ಕೇಳುತ್ತಾಳೆ:

"ಈಗ ತೊಳೀಲಾ, ಪಾಪಾ?"